ಉಪವಾಸದ ಎಣ್ಣೆ

ಬೆಳಿಗ್ಗೆ ಆರೂಕಾಲಿಗೆ ನಮ್ಮ ಬಾಗಿಲ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ ಸದ್ದು ಕೇಳಿದರೆ ಅದು ಎದುರು ಮನೆಯ ಕಾಂತಪ್ಪನವರೇ. ಹಾಲಿನವನು ಬೆಲ್ ಒತ್ತುತ್ತಾನೆ, ಪೇಪರಿನವನು ಎಸೆದು ಹೋಗುತ್ತಾನೆ. ಕಾಂತಪ್ಪನವರು ಮಾತ್ರ ಬಡಿಯುತ್ತಾರೆ, ಬಾಗಿಲು ಪೂರ್ತಿ ತೆರೆಯುವ ಮೊದಲೇ ಕೇಳುತ್ತಾರೆ:

"ಅಕ್ಕ, ಇವತ್ತು ಎಂತ?"

ಇವತ್ತು ಪಂಚಾಂಗದಲ್ಲಿ ಏನಿದೆ ಎಂದು ಅದರ ಅರ್ಥ. ಏಕಾದಶಿಯೋ ಸಂಕಷ್ಟಿಯೋ ಅಮಾವಾಸ್ಯೆಯೋ ಹೇಳುತ್ತೇನೆ. ಅವರು ಅಂಗಿಯ ಜೇಬಿನಿಂದ ಅಂಗೈಯಗಲದ ಡೈರಿ ತೆಗೆದು, ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ಬರೆದುಕೊಂಡು, "ಆಯ್ತು ಅಕ್ಕ" ಎಂದು ಮೆಟ್ಟಿಲಿಳಿಯುತ್ತಾರೆ. ಜ್ವರ ಬಂದ ದಿನವೂ ಕೇಳಿದ್ದಾರೆ. ನಾನು ಊರಿಗೆ ಹೋಗಿದ್ದಾಗ ಫೋನ್ ಮಾಡಿ ಕೇಳಿದ್ದಾರೆ. ಅವರ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೆಂದೇನಲ್ಲ. ಅದರ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದಂತೆ.

ಚೆಂಬೂರಿನ ಈ ಬಿಲ್ಡಿಂಗಿನಲ್ಲಿ ತಿಥಿ ಕೇಳುವ ಗಂಡಸು ಇನ್ನೊಬ್ಬರಿಲ್ಲ. ಎಂಥ ದೈವಭಕ್ತರು ಎಂದು ನನಗೆ ಒಳಗೊಳಗೇ ಸಂತೋಷ. ಎರಡು ವರ್ಷ ಪ್ರತಿ ಪೂಜೆಯ ಪ್ರಸಾದವನ್ನೂ ಮೊದಲು ಅವರ ಮನೆಗೇ ಕೊಟ್ಟೆ. ಒಂದು ಸಂಕಷ್ಟಿಯ ಬೆಳಿಗ್ಗೆ ಅವರು ಬರೆದುಕೊಳ್ಳುತ್ತಾ ತಮ್ಮಷ್ಟಕ್ಕೇ, "ಹಾಗಾದರೆ ನಾಳೆ ಮೋದಕದ ತುಪ್ಪ ಬರ್ತದೆ" ಎಂದರು.

"ಎಲ್ಲಿಗೆ ಬರುತ್ತದೆ ಕಾಂತಪ್ಪಣ್ಣ?"

"ಟ್ಯಾಂಕಿಗೆ."

"ಯಾವ ಟ್ಯಾಂಕು?"

"ಗಟಾರದ ಟ್ಯಾಂಕು ಅಕ್ಕ. ನಮ್ಮ ಪ್ಲಾಂಟಿನದ್ದು. ಸಂಕಷ್ಟಿಗೆ ಸಾಧಾರಣ ಬರ್ತದೆ, ಅಂಗಾರಕ ಸಂಕಷ್ಟಿ ಆದರೆ ಜೋರು."

ನಾನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಳಿತೆ. ಎರಡು ವರ್ಷ ನಾನು ಸ್ನಾನ ಮಾಡಿ, ದೀಪ ಹಚ್ಚಿ, ಮಡಿಯಲ್ಲಿ ನಿಂತು ತಿಥಿ ಹೇಳಿದ್ದು ಮುಂಬಯಿಯ ಕೊಳಚೆಗೆ.

ಕಾಂತಪ್ಪನವರ ಕೆಲಸ ಏನೆಂದು ಬಿಲ್ಡಿಂಗಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೆ ಅವರ ಹೆಂಡತಿ ಚಂಪಾ ಕಾರಣ. ಕೇಳಿದವರಿಗೆಲ್ಲ ಆಕೆ "ಇವರು ರಿಫೈನರಿಯಲ್ಲಿ" ಎನ್ನುತ್ತಾಳೆ. ದೊಡ್ಡ ಪೆಟ್ರೋಲ್ ಕಂಪನಿಗಳ ಪಕ್ಕದ ಚೆಂಬೂರಿನಲ್ಲಿ ನಿಂತು ರಿಫೈನರಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಮರ್ಯಾದೆಯಿಂದ ತಲೆಯಾಡಿಸುತ್ತಾರೆ. ಕಾರ್ಕಳದ ಕಡೆಯ ನೆಂಟರು ಮಾತ್ರ ಗ್ಯಾಸ್ ಸಿಲಿಂಡರ್ ಬೇಗ ಕೊಡಿಸಲಿಕ್ಕಾಗುತ್ತದಾ ಎಂದು ಫೋನ್ ಮಾಡುತ್ತಾರೆ.

"ಸುಳ್ಳು ಹೇಳಿದೆನಾ ಅಕ್ಕ?" ಎಂದು ಚಂಪಾ ನನ್ನನ್ನೇ ಕೇಳಿದಳು. "ಎಣ್ಣೆ ತೆಗೆಯುವುದು ಹೌದಾ ಅಲ್ವಾ? ಅದನ್ನು ರಿಫೈನ್ ಮಾಡುವುದು ಹೌದಾ ಅಲ್ವಾ? ಎಣ್ಣೆ ಎಲ್ಲಿಂದ ತೆಗೆಯುತ್ತಾರೆ ಅಂತ ಯಾರೂ ಕೇಳಲಿಲ್ಲ. ಕೇಳದ್ದನ್ನು ನಾನ್ಯಾಕೆ ಹೇಳಲಿ?"

ಎಣ್ಣೆ ತೆಗೆಯುವುದು ಕೊಳಚೆನೀರಿನ ತಳದಲ್ಲಿ ಕೂರುವ ಕೆಸರಿನಿಂದ. ಪ್ಲಾಂಟಿನವರು ಅದಕ್ಕೆ ಸ್ಲಡ್ಜ್ ಎನ್ನುತ್ತಾರೆ. ಮನೆಗಳ ಸಿಂಕಿನಲ್ಲಿ, ಹೋಟೆಲುಗಳ ಮೋರಿಯಲ್ಲಿ ನಾವು ತೊಳೆದು ಬಿಟ್ಟ ಜಿಡ್ಡೆಲ್ಲ ಅದರಲ್ಲಿ ಇರುತ್ತದೆ. ಸಮುದ್ರದ ಹಿನ್ನೀರು ಬರುವ ಖಾಡಿಯ ಅಂಚಿನಲ್ಲಿ ಒಂದು ಸಣ್ಣ ಪ್ಲಾಂಟು. ಆರು ವರ್ಷದ ಹಿಂದೆ ಸೋನಾಲಿ ಎಂಬ ಇಂಜಿನಿಯರ್ ಪ್ರಯೋಗಕ್ಕೆಂದು ಶುರು ಮಾಡಿದ್ದು. ಆಕೆಯ ತಂದೆ ಬೆಳಗಾವಿಯವರು, ಆಕೆ ಹುಟ್ಟಿದ್ದು ಸಯನ್‌ನಲ್ಲಿ. ಕೆಸರನ್ನು ಹಿಂಡಿ, ಒಣಗಿಸಿ, ಪುಡಿ ಮಾಡಿ, ಜಿಡ್ಡನ್ನು ಬಿಡಿಸುವ ದ್ರಾವಣದಲ್ಲಿ ನೆನೆಹಾಕಬೇಕು. ಆ ದ್ರಾವಣವನ್ನು ಕಾಯಿಸಿ ಆವಿಯಾಗಿ ಹಿಂದಕ್ಕೆ ಪಡೆದರೆ ತಳದಲ್ಲಿ ಕಪ್ಪು ಬೆಣ್ಣೆಯಂಥದ್ದು ಉಳಿಯುತ್ತದೆ. ಅದಕ್ಕೆ ಮೆಥನಾಲ್, ಸ್ವಲ್ಪ ಆಸಿಡ್ ಸೇರಿಸಿ ಮುಚ್ಚಿದ ಪಾತ್ರೆಯಲ್ಲಿ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ತಿರುಗಿಸಬೇಕು. ಆಮೇಲೆ ಅಲುಗಿಸದೆ ಬಿಟ್ಟರೆ ಪದರ ಬೇರೆ ಬೇರೆಯಾಗುತ್ತದೆ. ಎಣ್ಣೆಯ ಪದರವನ್ನು ಬಿಸಿನೀರಿನಲ್ಲಿ ಮೆಲ್ಲಗೆ ತೊಳೆದು, ಸೋಸಿ, ನೀರಿನಂಶ ಆರಿಸಿದರೆ ಜೇನಿನ ಬಣ್ಣದ ಡೀಸೆಲ್.

"ತುಪ್ಪ ಕಾಯಿಸಿದ ಹಾಗೆಯೇ ಅಕ್ಕ," ಎಂದು ಕಾಂತಪ್ಪನವರು ನನಗೆ ವಿವರಿಸಿದರು. "ಅವಸರ ಮಾಡಿದರೆ ಕೆಡ್ತದೆ." ಆ ವಾರ ನಾನು ತುಪ್ಪ ಕಾಯಿಸಲಿಲ್ಲ.

ಜಿಡ್ಡಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಸಯನ್‌ನ ಒಂದು ಉಡುಪಿ ಹೋಟೆಲಿಗೆ ಪ್ಲೇಟು ತೊಳೆಯಲು ಬಂದವರು. ಹೋಟೆಲಿನ ಹಿಂದೆ ಮೋರಿಯ ನೀರು ಹೋಗುವ ಮೊದಲು ಜಿಡ್ಡು ನಿಲ್ಲಲಿಕ್ಕೆ ಒಂದು ಗುಂಡಿ ಇತ್ತು. ವಾರಕ್ಕೊಮ್ಮೆ ಅದನ್ನು ತೋಡಿ ತೆಗೆಯಬೇಕು. ಬೇರೆಯವರೆಲ್ಲ ಅವತ್ತು ಹೊಟ್ಟೆನೋವು ಎನ್ನುತ್ತಿದ್ದರು. ಕಾಂತಪ್ಪನವರಿಗೆ ಹೊಟ್ಟೆನೋವು ಬರುತ್ತಿರಲಿಲ್ಲ. ಹೀಗೆ ಮೂವತ್ತೆರಡು ವರ್ಷ ಅವರು ಗುಂಡಿ ನೋಡಿದರು. ಇವತ್ತು ವಡೆ ಜಾಸ್ತಿ ಹೋಗಿದೆಯೋ ದೋಸೆಯೋ, ಹೊಸ ಭಟ್ಟ ತುಪ್ಪದಲ್ಲಿ ಡಾಲ್ಡಾ ಬೆರೆಸುತ್ತಿದ್ದಾನೋ ಎಂದು ಗುಂಡಿ ನೋಡಿಯೇ ಹೇಳುತ್ತಿದ್ದರು. ಆ ಡಾಲ್ಡಾ ವಿಷಯದಲ್ಲಿ ಒಬ್ಬ ಭಟ್ಟ ಕೆಲಸ ಬಿಟ್ಟು ಹೋದದ್ದೂ ಉಂಟು. ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಹೋಟೆಲು ಮುಚ್ಚಿತು. ವಾಸನೆಗೆ ಹೆದರದ ಒಬ್ಬ ಮನುಷ್ಯ ಬೇಕು ಎಂದು ಸೋನಾಲಿ ಮೇಡಂ ಹುಡುಕುತ್ತಿದ್ದರು. ಯಾರೋ ಇವರ ಹೆಸರು ಹೇಳಿದರು.

ಪ್ಲಾಂಟಿನಲ್ಲಿ ಒಂದು ದಿನ ಎಪ್ಪತ್ತು ಲೀಟರ್ ಎಣ್ಣೆ ಸಿಕ್ಕಿದರೆ ಇನ್ನೊಂದು ದಿನದ ಕೆಸರಿನಲ್ಲಿ ನಲವತ್ತೂ ಇರುತ್ತಿರಲಿಲ್ಲ. ಯಾಕೆಂದು ಸೋನಾಲಿಯ ಕಂಪ್ಯೂಟರಿಗೂ ತಿಳಿಯಲಿಲ್ಲ. ಕಾಂತಪ್ಪನವರು ಡೈರಿ ಕೊಂಡರು, ನಮ್ಮ ಬಾಗಿಲು ಬಡಿದರು.

ವಿಷಯ ತಿಳಿದ ಮೇಲೆ ತಿಥಿ ಹೇಳುವುದನ್ನು ನಿಲ್ಲಿಸಬೇಕೆಂದು ನನಗೆ ಅನ್ನಿಸಲಿಲ್ಲ. ದೇವರು ಮಾಡಿದ ದಿನ, ಯಾರು ಕೇಳಿದರೇನು. ಬದಲಿಗೆ ಇನ್ನಷ್ಟು ಸೇರಿಸಿದೆ. ಬೇಕರಿಯವನ ಹತ್ತಿರ ರಂಜಾನ್ ಯಾವಾಗ ಎಂದು ಕೇಳಿಟ್ಟೆ, ಕೆಳಗಿನ ಮನೆಯ ಜೈನರ ಹತ್ತಿರ ಅವರ ಪರ್ಯೂಷಣದ ವ್ರತ ಯಾವಾಗ ಎಂದು ಕೇಳಿದೆ. ಕಾಂತಪ್ಪನವರು ತಮ್ಮ ಫಲಿತಾಂಶವನ್ನು ನನಗೆ ಹೇಳುತ್ತಿದ್ದರು. ಪರ್ಯೂಷಣದಲ್ಲಿ ಕೆಸರು ಒಣಒಣ, ಅವರು ನಿಜವಾಗಿಯೂ ಉಪವಾಸ ಮಾಡುತ್ತಾರೆ. ಶ್ರಾವಣಕ್ಕೆ ಮೊದಲಿನ ಅಮಾವಾಸ್ಯೆಗೆ ಊರೆಲ್ಲ ಕೋಳಿ ತಿನ್ನುವುದರಿಂದ ಜಿಡ್ಡು ರಾಶಿ, ಆದರೆ ಬಣ್ಣ ತಿಳಿಯಾಗುವುದಿಲ್ಲ. ಸಂಬಳ ಬಂದ ಮೊದಲ ಶನಿವಾರ ಪಾವ್‌ಭಾಜಿಯ ಬೆಣ್ಣೆ.

"ಏಕಾದಶಿಗೆ?" ಎಂದು ನಾನು ಕೇಳಿದೆ. ನಾನು ಏಕಾದಶಿ ಮಾಡುವವಳು.

ಅವರು ಸ್ವಲ್ಪ ಹೊತ್ತು ಮೆಟ್ಟಿಲ ಕಡೆ ನೋಡಿದರು. "ಏಕಾದಶಿಗೆ ಒಳ್ಳೆಯದು ಬರ್ತದೆ ಅಕ್ಕ," ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವಲ್ಲ, ಬೇರೆಯವರದ್ದು" ಎಂದು ಸೇರಿಸಿದರು.

ಅವತ್ತು ಏಕಾದಶಿಯೇ. ಒಳಗೆ ಒಲೆಯ ಮೇಲೆ ಸಾಬೂದಾನಿ ವಡೆಯ ಎಣ್ಣೆ ಕಾಯುತ್ತಿತ್ತು. ಅದನ್ನು ಆರಿಸಿ ಎರಡು ಬಾಳೆಹಣ್ಣು ತಿಂದೆ.

ಇನ್ನು ಹೋದ ವರ್ಷದ ಸಂಗತಿ. ಅದರಲ್ಲಿ ಅರ್ಧ, ಕಾಂತಪ್ಪನವರು ಬಾಗಿಲಲ್ಲಿ ನಿಂತು ಹೇಳಿದ್ದು; ಉಳಿದದ್ದು ಸೋನಾಲಿ ಒಂದು ಭಾನುವಾರ ಚಂಪಾಳ ಮನೆಗೆ ಊಟಕ್ಕೆ ಬಂದಾಗ ಹೇಳಿದ್ದು.

ಪ್ಲಾಂಟಿನ ಪರವಾನಗಿ ಮಾರ್ಚಿಗೆ ಮುಗಿಯುವುದಿತ್ತು. ಮುಂದುವರಿಸಬೇಕೋ ಮುಚ್ಚಬೇಕೋ ಎಂದು ನೋಡಲು ಪರವಾನಗಿ ಕೊಡುವ ಮೇಲಿನ ಆಫೀಸಿನಿಂದ ಹಣಮಂತ ಸಾಹೇಬರು ಬಂದರು. ವಿಜಯಪುರದವರು, ಮುಲುಂಡ್‌ನಲ್ಲಿ ಮನೆ, ಸ್ವಂತದ ಹಳೇ ಜೀಪು. ಅವರು ಟ್ಯಾಂಕಿಗೆ ಒಂದು ಸುತ್ತು ಹಾಕಿ, ಕರವಸ್ತ್ರದೊಳಗಿನಿಂದಲೇ ತೀರ್ಪು ಕೊಟ್ಟರು.

"ನೋಡ್ರಿ ಮೇಡಂ, ಕಾಗದದಾಗ ಏನ್ ಬೇಕಾದ್ರೂ ಬರೀಬಹುದು. ನಾ ಬಂದು ಒಂದ ದಿನದ ರಾಡಿಗೆ ಸೀಲ್ ಹಾಕ್ತೀನಿ. ಅದರಾಗ ನೂರು ಲೀಟರ್ ಎಣ್ಣಿ ತಗದು ತೋರಸ್ರಿ. ಬಂತು, ಮುಂದಿನ ಮಾತು. ಬರಲಿಲ್ಲ, ಕೀಲಿ."

ಅವರು ಗೊತ್ತು ಮಾಡಿದ ದಿನ ಶಿವರಾತ್ರಿಯ ಮಾರನೆಯ ದಿನ. ಅಂದರೆ ಸೀಲ್ ಬೀಳುವುದು ಶಿವರಾತ್ರಿಯ ಕೆಸರಿಗೆ. ಜೀಪು ಗೇಟು ದಾಟುವ ಮೊದಲೇ ಸೋನಾಲಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಕಾಂತಪ್ಪಣ್ಣಾ, ಸಬ್ ಖತಂ! ಅವತ್ತ ಎಲ್ಲಾರೂ ಉಪವಾಸ ಇರ್ತಾರ. ಆಧಾ ಮುಂಬಯಿ ಊಟಾನ ಮಾಡಂಗಿಲ್ಲ. ಬರೇ ನೀರು ಬರ್ತದ. ಡೇಟ್ ಮುಂದ ಹಾಕ್ರಿ ಅಂತ ಲೆಟರ್ ಬರೀತೀನಿ."

"ಬರೆಯಬೇಡಿ ಮೇಡಂ. ಅಂಥ ದಿನ ವರ್ಷಕ್ಕೆ ಒಂದೇ."

"ಅಣ್ಣಾ, ಲಾಜಿಕ್ ಸೇ ಸೋಚೋ ನಾ. ಊಟ ಇಲ್ಲ ಅಂದ್ರ ಜಿಡ್ಡು ಎಲ್ಲಿಂದ?"

"ಊಟ ಇಲ್ಲ ಅಂತಲೇ ಜಿಡ್ಡು. ಅನ್ನ ಸಾರು ಉಂಡರೆ ಎಣ್ಣೆ ಎಷ್ಟು ಹೋಗ್ತದೆ? ಒಗ್ಗರಣೆಗೆ ಒಂದು ಚಮಚ. ಉಪವಾಸ ಅಂದರೆ ಸಾಬೂದಾನಿ ವಡೆ, ಬಟಾಟೆ ಚಿಪ್ಸು, ಕರಿದ ಶೇಂಗಾ, ರಾಜಗಿರಿ ಪೂರಿ. ಎಲ್ಲವೂ ಬಾಣಲೆಯಲ್ಲಿ ಮುಳುಗಿ ಏಳಬೇಕು. ನಾನು ಹೋಟೆಲಿನಲ್ಲಿ ಮೂವತ್ತೆರಡು ಶಿವರಾತ್ರಿ ನೋಡಿದ್ದೇನೆ. ಅವತ್ತು ಗುಂಡಿ ಎರಡು ಸಲ ತೋಡಬೇಕಿತ್ತು."

ಸೋನಾಲಿ ಡೈರಿ ಕೇಳಿದರು. ಕಾಂತಪ್ಪನವರು ಕೊಟ್ಟರು. ಅದರಲ್ಲಿ ಲೀಟರಿನ ಲೆಕ್ಕವೇನೋ ಇತ್ತು. ಆದರೆ ಪಕ್ಕದಲ್ಲಿ 'ಎದುರು ಮನೆ ಅಕ್ಕ ಹೇಳಿದ್ದು' ಎಂದು ಆಧಾರ ಬರೆದಿತ್ತು. ಇದನ್ನು ಯಾವ ವರದಿಗೆ ಸೇರಿಸುವುದು ಎಂದು ಸೋನಾಲಿ ಕೇಳಿದರಂತೆ.

"ನೂರು ಬರಲಿಲ್ಲ ಅಂದ್ರ?"

"ಬರಲಿಲ್ಲ ಅಂದರೆ ಪ್ಲಾಂಟು ಮುಚ್ತದೆ, ನಾನು ಮನೆಗೆ ಹೋಗ್ತೇನೆ. ದಿನ ಬದಲಿಸಿದರೂ ಅದೇ ಮೇಡಂ. ಮಾಮೂಲಿ ದಿನ ನಮ್ಮದು ಎಪ್ಪತ್ತು ದಾಟಿದ್ದು ಯಾವಾಗ?"

ಅದು ನಿಜ. ಲೆಟರ್ ಹೋಗಲಿಲ್ಲ. ಆದರೆ ಮನೆಗೆ ಹೋಗುತ್ತೇನೆ ಎಂದಷ್ಟು ಸುಲಭವಾಗಿ ಕಾಂತಪ್ಪನವರು ಮನೆಯಲ್ಲಿ ಇರಲಿಲ್ಲ. ಐವತ್ತು ದಾಟಿದ ವಯಸ್ಸು; ಕೆಸರನ್ನು ನೋಡಿ ಹಬ್ಬ ಹೇಳುವ ವಿದ್ಯೆಗೆ ಇನ್ನೊಂದು ಕಡೆ ಕೆಲಸ ಎಲ್ಲಿದೆ? ಆ ವಾರ ಚಂಪಾ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಅಕ್ಕ, ಇವರಿಗೆ ಎಂತದೋ ಮರ್ಲು, ತಲೆ ಕೆಟ್ಟಿದೆ. ನಿನ್ನೆ ಭಾಜಿಯಂಗಡಿಯಲ್ಲಿ ಬಟಾಟೆ ರೇಟು ಇಳಿದಿದೆ ಅಂತ ಕೈ ಮುಗಿದರು. ಸಾಬೂದಾನಿ ಎಷ್ಟು ಹೋಯ್ತು ಅಂತ ಕಿರಾಣಿಯವನನ್ನು ಕೇಳ್ತಾರೆ. ಅವನು ಇವರೂ ಅಂಗಡಿ ಇಡ್ತಾರೆ ಅಂತ ಹೆದರಿ ಕೂತಿದ್ದಾನೆ."

ಶಿವರಾತ್ರಿಯ ದಿನ ನಾನು ದೇವಸ್ಥಾನಕ್ಕೆ ಹೋಗಿ ಬಿಲ್ವಪತ್ರೆ ಏರಿಸಿ ಬಂದೆ. ಮನಸ್ಸಿನಲ್ಲಿ ಎದುರು ಮನೆಯವರ ಕೆಲಸ ಉಳಿಯಲಿ ಎಂದು ಕೇಳಿಕೊಂಡೆ. ಕೇಳಿಕೊಂಡ ಮೇಲೆ ಯೋಚನೆಯಾಯಿತು: ಈ ಪ್ರಾರ್ಥನೆಯ ಅರ್ಥ ಜನ ಇವತ್ತು ಹೆಚ್ಚು ಕರಿದದ್ದು ತಿನ್ನಲಿ ಎಂದಲ್ಲವೆ? ಶಿವನ ಎದುರು ಹಾಗೆ ಬಿಡಿಸಿ ಹೇಳಲು ಧೈರ್ಯ ಬರಲಿಲ್ಲ. ಅವನಿಗೆ ತಿಳಿಯದ್ದೇನಿದೆ ಎಂದು ಅಡ್ಡಬಿದ್ದು ಬಂದೆ.

ಮಾರನೆಯ ಬೆಳಿಗ್ಗೆ ಹಣಮಂತ ಸಾಹೇಬರು ಸೀಲು, ಅರಗು, ದಾರ ಹಿಡಿದು ಪ್ಲಾಂಟಿಗೆ ಬಂದರು. ಮುಖ ಒಂದು ಥರ ಇತ್ತು. ಎರಡು ಸಲ ತೇಗಿದರು, ಎರಡು ಸಲವೂ "ಶಿವಶಿವಾ" ಎಂದರು.

ಕಾಂತಪ್ಪನವರು ನೀರು ತಂದುಕೊಟ್ಟರು. "ನಿನ್ನೆ ಉಪವಾಸವಾ ಸಾರ್?"

"ಮತ್ತ? ನಮ್ಮದು ಶಿವರಾತ್ರಿ ಅಂದ್ರ ಭಾಳ ಕಟ್ಟುನಿಟ್ಟು. ಒಂದ ಅಗಳು ಅನ್ನ ಮುಟ್ಟೂದಿಲ್ಲ."

"ಏನೂ ತಗೊಳ್ಳಲಿಲ್ಲವಾ?"

"ಏನಿಲ್ಲಪಾ. ಮುಂಜಾನೆ ಒಂದೀಟು ಸಾಬೂದಾನಿ ಖಿಚಡಿ. ಆಮ್ಯಾಲ ನಮ್ಮ ಮನಿಯಾಕಿ ನಾಕು ವಡಾ ಕರದಿದ್ಲು. ನಾಕಲ್ಲ, ಆರು. ಮಧ್ಯಾಹ್ನ ಬಾಜೂದವರು ರಾಜಗಿರಿ ಪೂರಿ ಕೊಟ್ಟು ಕಳಿಸಿದ್ರು, ದೇವರ ದಿವಸ ಬ್ಯಾಡ ಅನ್ನಬಾರದು. ಸಂಜಿಗೆ ಚಿಪ್ಸು. ಬರೇ ಉಪವಾಸದ ಫರಾಳ."

ಕಾಂತಪ್ಪನವರು ಖಾಲಿ ಲೋಟ ತೆಗೆದುಕೊಂಡರು. ಸೋನಾಲಿಯ ಕಡೆ ಒಂದು ಸಲ ನೋಡಿದರು ಅಷ್ಟೇ. ಸೋನಾಲಿ ಅರಗು ಕರಗಿಸುವ ಮೇಣದಬತ್ತಿಯ ಕಡೆ ಬಗ್ಗಿ ನಗು ನುಂಗಿಕೊಂಡರು.

ಆಮೇಲೆ ಹನ್ನೊಂದು ದಿನ. ಪ್ರತಿ ಹಂತಕ್ಕೂ ಸಾಹೇಬರ ಸೀಲು ಒಡೆದು ಮತ್ತೆ ಹಾಕಬೇಕು. ಅದಕ್ಕೆ ಅವರ ಆಫೀಸಿನಿಂದ ಒಬ್ಬರು ಬಂದು ಮೂಗು ಮುಚ್ಚಿ ಕೂರುತ್ತಿದ್ದರು. ಒಣಗಿದ ಕೆಸರನ್ನು ಕಾಂತಪ್ಪನವರು ಬೆರಳಲ್ಲಿ ತಿಕ್ಕಿ ನೋಡಿದರು, ಬೆರಳು ಹೊಳೆಯಿತು. ಕಪ್ಪು ಬೆಣ್ಣೆ ಎರಡು ಡ್ರಮ್ಮಿನಲ್ಲಿ ಹಿಡಿಸದೆ ಮೂರನೆಯದು ತರಬೇಕಾಯಿತು. ಕೊನೆಗೆ ತೊಳೆಯುವಾಗ ಸೋನಾಲಿಗೆ ತಡೆಯಲಾಗಲಿಲ್ಲ. ಬೇಗ ಆಗಲಿ ಎಂದು ನೀರನ್ನು ಜೋರಾಗಿ ಬಿಟ್ಟುಬಿಟ್ಟರು. ಎಣ್ಣೆ, ನೀರು ಎರಡೂ ಸೇರಿ ಕಡೆದ ಮಜ್ಜಿಗೆಯ ಹಾಗಾಯಿತು. ಮರುದಿನ ಸಂಜೆ ಅಳೆಯಲು ಸಾಹೇಬರು ಬರುವವರು.

"ಅಣ್ಣಾ, ನಾನ ಹಾಳ ಮಾಡಿದೆ," ಎಂದು ಸೋನಾಲಿ ಟ್ಯಾಂಕಿನ ಪಕ್ಕದಲ್ಲೇ ಕುಳಿತುಬಿಟ್ಟರು.

"ಹಾಳಾಗಲಿಲ್ಲ ಮೇಡಂ, ಸಿಟ್ಟು ಬಂದಿದೆ ಅದಕ್ಕೆ. ಬಿಡಿ, ಇಳಿಯಲಿ." ಕಾಂತಪ್ಪನವರು ಬಿಸಿನೀರಿಗೆ ಉಪ್ಪು ಹಾಕಿ, ಗೋಡೆಯ ಬದಿಯಿಂದ ಸದ್ದಾಗದಂತೆ ಇಳಿಸಿ, ಸುತ್ತಲೂ ಗೋಣಿ ಸುತ್ತಿ, ಯಾರೂ ಹತ್ತಿರ ನಡೆದಾಡಬೇಡಿ ಎಂದು ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತರು. ಸಾಹೇಬರ ಆಫೀಸಿನವರು ಕೆಮ್ಮಿದಾಗ ಅವರನ್ನೂ ಹೊರಗೆ ಕಳಿಸಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ಕೆಳಗೆ, ಎಣ್ಣೆ ಮೇಲೆ, ನಡುವೆ ಗೆರೆ ಎಳೆದ ಹಾಗೆ. ಸೋಸಿ, ಆರಿಸಿ, ಸಾಹೇಬರ ಎದುರೇ ಅಳೆದರು. ತೊಂಬತ್ತರ ಮೇಲೆ ಸೋನಾಲಿ ಕಣ್ಣು ಮುಚ್ಚಿಕೊಂಡರು. ನೂರಾ ಎಂಟಕ್ಕೆ ನಿಂತಿತು.

ಹಣಮಂತ ಸಾಹೇಬರು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿದರು. ಮೂಸಿದರು. ಕರವಸ್ತ್ರ ಜೇಬಿಗೆ ಸೇರಿಸಿ ಮತ್ತೊಮ್ಮೆ ಮೂಸಿದರು.

"ಏನೂ ವಾಸನಿ ಇಲ್ಲಲ್ಲೋ ಇದಕ! ಮತ್ತ ಇದು ಗಾಡಿ ಓಡಸ್ತೈತೇನು?"

"ಓಡಸ್ತದ ಸರ್," ಎಂದರು ಸೋನಾಲಿ.

"ಹಂಗಾರ ನನ್ನ ಜೀಪಿಗೆ ಹಾಕ್ರಿ. ಟ್ಯಾಂಕು ಹೆಂಗೂ ಖಾಲಿ ಆಗೇತಿ. ಇದರ ಮ್ಯಾಲ ಮುಲುಂಡ್ ಮುಟ್ಟಿದೆ ಅಂದ್ರ ನಾಳೆ ಮುಂಜಾನೆ ಸಹಿ."

ಹನ್ನೊಂದು ದಿನದ ಕೆಲಸ ಮುಗಿಯಿತೆಂದು ಅಷ್ಟರಲ್ಲಿ ಕಾಂತಪ್ಪನವರು ಮೀಯಲು ಹೋಗಿದ್ದರು. ಮೈಗೆ ಎರಡು ಸಲ ಸೋಪು ಹಾಕಿ ತಿಕ್ಕಿ, ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊರಗೆ ಬರುವಾಗ ಜೀಪು ಇಪ್ಪತ್ತು ಲೀಟರ್ ಕುಡಿದು ಗುಡುಗುಡು ಎನ್ನುತ್ತಿತ್ತು.

"ಬರ್ರಿ ಕಾಂತಪ್ಪ, ಹತ್ತರಿ!" ಸಾಹೇಬರು ಪಕ್ಕದ ಸೀಟು ತಟ್ಟಿದರು. "ಮೊದಲ ನನ್ನ ಜೋಡಿ ಮುಲುಂಡ್ ತನಕ ಬರ್ರಿ. ಆಮ್ಯಾಲ ನಿಮ್ಮನ್ನ ಚೆಂಬೂರಿಗೆ ಮನಿ ಬಾಗಿಲಿಗೆ ಬಿಡ್ತೀನಿ. ನಿಮ್ಮ ಎಣ್ಣಿ, ನೀವ ಮೊದಲ ಕೂಡಬೇಕು."

"ಬೇಡ ಸಾರ್. ನಾನು ಬಸ್ಸಿನಲ್ಲಿ ಹೋಗ್ತೇನೆ."

"ಯಾಕ? ನಿಮ್ಮ ಎಣ್ಣಿ ಮ್ಯಾಲ ನಿಮಗ ನಂಬಿಕಿ ಇಲ್ಲೇನು?"

ಸೋನಾಲಿ ಮೆಲ್ಲಗೆ ಕಾಂತಪ್ಪನವರ ಕಾಲು ತುಳಿದರು. ಸಹಿ ಇನ್ನೂ ಆಗಿಲ್ಲ, ಬಾಯಿ ಮುಚ್ಚಿಕೊಂಡು ಹತ್ತು ಎಂದು ಅದರ ಅರ್ಥ. ಕಾಂತಪ್ಪನವರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಎಣ್ಣೆಯ ಮೇಲೆ ನಂಬಿಕೆ ಉಂಟು ಸಾರ್. ನಿಮ್ಮ ಟ್ಯಾಂಕಿನ ಮೇಲೆ ಇಲ್ಲ."

"ಅಂದ್ರ?"

"ಹಳೇ ಜೀಪು. ಟ್ಯಾಂಕಿನ ತಳದಲ್ಲಿ ಇಷ್ಟು ವರ್ಷದ ಡೀಸೆಲಿನ ಮಡ್ಡಿ ಹಿಡಿದಿರ್ತದೆ. ನಮ್ಮ ಎಣ್ಣೆ ಸೋಪಿನ ಹಾಗೆ, ಮಡ್ಡಿಯನ್ನೆಲ್ಲ ಕಿತ್ತು ತೊಳೀತದೆ. ಕಿತ್ತದ್ದು ಹೋಗಿ ಫಿಲ್ಟರಿನಲ್ಲಿ ಕೂರ್ತದೆ. ಒಳ್ಳೆಯದೇ ಸಾರ್, ಟ್ಯಾಂಕು ಸ್ವಚ್ಛ ಆಗ್ತದೆ. ಆದರೆ ಮುಲುಂಡ್ ಮುಟ್ಟುವ ಮೊದಲು ಗಾಡಿ ಒಮ್ಮೆ ನಿಲ್ತದೆ. ನನ್ನ ಲೆಕ್ಕದಲ್ಲಿ ಭಾಂಡುಪ್ ಹತ್ತಿರ."

ಜೀಪು ಗುಡುಗುಡು ಎನ್ನುತ್ತಲೇ ಇತ್ತು. ಸೋನಾಲಿ ಆಕಾಶ ನೋಡತೊಡಗಿದರು.

"ಇದನ್ನ ಎಣ್ಣಿ ಹಾಕೂಕಿಂತ ಮೊದಲ ಹೇಳಬೇಕಿತ್ತಿಲ್ಲೋ!"

"ಹಾಕುವಾಗ ನಾನು ಬಚ್ಚಲಲ್ಲಿ ಇದ್ದೆ ಸಾರ್."

ಸಾಹೇಬರು ಇಂಜಿನ್ ಆರಿಸಿದರು. ಜೀಪಿನಿಂದ ಇಳಿದರು. ಸೋನಾಲಿಯನ್ನೊಮ್ಮೆ ನೋಡಿದರು, ಕಾಂತಪ್ಪನವರನ್ನೊಮ್ಮೆ. ಆಮೇಲೆ ಬ್ಯಾಗಿನಿಂದ ಕಾಗದ ತೆಗೆದು ಬಾನೆಟ್ಟಿನ ಮೇಲೆ ಹರಡಿದರು.

"ಇಪ್ಪತ್ತೆರಡು ವರ್ಷ ಆತು ಈ ನೌಕರಿಯಾಗ," ಎಂದು ಪೆನ್ನು ಕೊಡವುತ್ತಾ ಹೇಳಿದರು. "ತಮ್ಮ ಮಷೀನ್ ಎಂದೂ ನಿಲ್ಲೂದಿಲ್ಲ ಅಂತ ಹೇಳಾವರನ್ನ ದಿನಾ ನೋಡ್ತೀನಿ. ನಿಲ್ಲತೈತಿ ಅಂತ ಸ್ಟೇಷನ್ ಸಹಿತ ಹೇಳಿದಾಂವನ್ನ ಇವತ್ತ ನೋಡಿದೆ." ಬಾನೆಟ್ಟು ಬಿಸಿಯಿದ್ದುದರಿಂದ ಕೈ ಎತ್ತೆತ್ತಿ, ಮೂರು ಕಡೆ ಸಹಿ ಹಾಕಿದರು. ಪ್ಲಾಂಟಿಗೆ ಎರಡು ವರ್ಷ ಸಿಕ್ಕಿತು.

ಸೋನಾಲಿ ಸ್ಟೋರಿಗೆ ಓಡಿ ಒಂದು ಹೊಸ ಫಿಲ್ಟರು, ನಟ್ಟು ಬಿಚ್ಚುವ ಪಾನಾ, ಹಳೇ ಬಟ್ಟೆ ತಂದು ಹಿಂದಿನ ಸೀಟಿನ ಮೇಲಿಟ್ಟರು. ಸಾಹೇಬರು ಮತ್ತೆ ಜೀಪು ಚಾಲೂ ಮಾಡಿ ಮತ್ತೆ ಪಕ್ಕದ ಸೀಟು ತಟ್ಟಿದರು.

"ಈಗರೇ ಹತ್ತರಿ ಕಾಂತಪ್ಪ. ಸಹಿ ಆತು, ಫಿಲ್ಟರೂ ಐತಿ. ಇನ್ನೇನ ಚಿಂತಿ?"

ಕಾಂತಪ್ಪನವರು ಫಿಲ್ಟರನ್ನು ನೋಡಿದರು, ಪಾನಾ ನೋಡಿದರು, ತಮ್ಮ ಬಿಳಿ ಅಂಗಿಯ ತೋಳು ನೋಡಿಕೊಂಡರು.

"ಬೇಡ ಸಾರ್. ಭಾಂಡುಪಿನಲ್ಲಿ ಗಾಡಿಯ ಅಡಿಗೆ ಮಲಗುವವ ನಾನೇ ಆಗ್ತೇನೆ. ಈಗಷ್ಟೇ ಮಿಂದದ್ದು."

ಎಂದು ಕೈ ಮುಗಿದು ಬಸ್ ಸ್ಟಾಪಿನ ಕಡೆ ನಡೆದರು.